ಹಿತ್ತಿಲ ಗುಡ್ಡ ಮತ್ತು ಎರಡು ಕರಾರುಪತ್ರಗಳು: ಪರ್ಕಳದ ಒಂದು ಮನೆಯ ಪ್ರಕರಣ

ಮಣಿಪಾಲದಿಂದ ಪರ್ಕಳದ ಕಡೆಗೆ ಇಳಿಯುವ ಗುಡ್ಡದ ಪಕ್ಕೆಯಲ್ಲಿ, 14 ಸೆಂಟ್ಸ್ ಜಾಗದಲ್ಲಿ ಕಟ್ಟಿದ 2,150 ಚದರ ಅಡಿಯ ಒಂದು ವಾಸದ ಮನೆ ಈ ಪ್ರಕರಣದ ವಿಷಯ. ಆರ್ಕಿಟೆಕ್ಟ್ ಯಾರೆಂದು ಹುಡುಕಲು ಹೊರಟದ್ದು 2021ರ ಅಕ್ಟೋಬರಿನಲ್ಲಿ. ಗೃಹಪ್ರವೇಶವಾದದ್ದು 2024ರ ಏಪ್ರಿಲಿನಲ್ಲಿ. ಮನೆ ನಮ್ಮದೇ ಆದುದರಿಂದ ಈ ಬರಹದಲ್ಲಿ ಪೂರ್ಣ ನಿಷ್ಪಕ್ಷಪಾತವನ್ನು ಓದುಗರು ನಿರೀಕ್ಷಿಸಬಾರದು. ನಾನು ಬ್ಯಾಂಕಿನಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ಕೊನೆಯ ಒಂಬತ್ತು ವರ್ಷ ಗೃಹಸಾಲದ ವಿಭಾಗದಲ್ಲಿದ್ದೆ. ನಕ್ಷೆ, ಎಸ್ಟಿಮೇಟು, ಮೌಲ್ಯಮಾಪನದ ವರದಿ ಇವುಗಳನ್ನು ನೂರಾರು ಸಂಖ್ಯೆಯಲ್ಲಿ ನೋಡಿ ಸಹಿ ಹಾಕಿದ್ದೆನಾದ್ದರಿಂದ ಮನೆ ಕಟ್ಟಿಸುವ ವಿದ್ಯೆ ನನಗೆ ಗೊತ್ತಿದೆಯೆಂದೇ ನಂಬಿದ್ದೆ. ಮುಂದೆ ನಡೆದ ಎಡವಟ್ಟಿಗೆ ಈ ನಂಬಿಕೆಯೇ ಅರ್ಧ ಕಾರಣ.

ಪದದ ಬಗ್ಗೆ ಒಂದು ಮಾತು. ಪುಸ್ತಕದ ಕನ್ನಡದಲ್ಲಿ 'ವಾಸ್ತುಶಿಲ್ಪಿ' ಎಂಬ ಶಬ್ದವಿದೆ. ಆದರೆ ನಮ್ಮೂರಿನಲ್ಲಿ ಆ ಶಬ್ದ ಕೇಳಿದೊಡನೆ ಆಯ (ಮನೆಯ ಅಳತೆಯ ಶುಭಾಶುಭ) ನೋಡುವವರು ಕಣ್ಣಮುಂದೆ ಬರುವುದರಿಂದ ಇಲ್ಲಿ ಆರ್ಕಿಟೆಕ್ಟ್ ಎಂದೇ ಬಳಸಿದ್ದೇನೆ.

ಜಾಗ ಮತ್ತು ಮನೆಯವರು

ಜಾಗ ತಂದೆಯವರ ಕಾಲದ್ದು. ಕೃಷಿ ಜಾಗವನ್ನು ವಾಸದ ಬಳಕೆಗೆ ಬದಲಾಯಿಸುವ ಕನ್ವರ್ಷನ್ ಮೊದಲೇ ಆಗಿತ್ತು. ಪಶ್ಚಿಮದಲ್ಲಿ ರಸ್ತೆ, ಪೂರ್ವದಲ್ಲಿ ಗುಡ್ಡ. ಹಿಂದಿನ ಗಡಿಯಿಂದ ರಸ್ತೆಗೆ ಬರುವಷ್ಟರಲ್ಲಿ ನೆಲ 14 ಅಡಿ ಇಳಿಯುತ್ತದೆ. ಗುಡ್ಡದ ಮೇಲೆ ನೆರೆಯವರ ತೋಟ ಮತ್ತು ಕಂಪೌಂಡು ಗೋಡೆ. ಮನೆಯಲ್ಲಿ ಇರುವವರು ನಾನು, ನನ್ನ ಹೆಂಡತಿ ಮತ್ತು ಆಗ 84 ವರ್ಷವಾಗಿದ್ದ ಅಮ್ಮ. ಅರ್ಧ ಹಣ ಹಾಕಿದ ತಮ್ಮ ಬೆಂಗಳೂರಿನಲ್ಲಿದ್ದಾನೆ. ಅಮ್ಮನಿಗೆ ಹಂಚಿನ ಮಾಡು ಬೇಕಿತ್ತು, ತಮ್ಮನಿಗೆ ಮುಂದೆ ಮಹಡಿ ಏರಿಸಲು ಬರುವ ತಾರಸಿ ಬೇಕಿತ್ತು, ನನಗೆ ಎಸ್ಟಿಮೇಟು ಮೀರದ ಮನೆ ಬೇಕಿತ್ತು.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಂದು ಮುಗಿಯುತ್ತದೆ. ಹೀಗಾಗಿ ಇಲ್ಲಿ ಮನೆ ಕಟ್ಟುವುದೆಂದರೆ ನೀರಿಗೆ ದಾರಿ ಮಾಡಿಕೊಡುವ ಕೆಲಸವೂ ಹೌದು. ಇದು ಹಳಬರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಸೈಟನ್ನು ಮೂರು ದಿನದಲ್ಲಿ ಸಮತಟ್ಟು ಮಾಡುವ ಯಂತ್ರ ಬಂದ ಮೇಲೆ ಅದನ್ನು ಮರೆಯುವುದು ಬಹಳ ಸುಲಭವಾಗಿದೆ.

ಆಯ್ಕೆ ನಡೆದ ಬಗೆ

ನಾವು ಮೂವರನ್ನು ಕಂಡೆವು. ಮೊದಲನೆಯವರು ನಕ್ಷೆಯನ್ನೂ ಕಟ್ಟಡವನ್ನೂ ಒಟ್ಟಿಗೆ ವಹಿಸಿಕೊಳ್ಳುವ ಎಂಜಿನಿಯರ್. ಚದರ ಅಡಿಗೆ 2,150 ರೂಪಾಯಿ, ನಕ್ಷೆ ಉಚಿತ ಎಂದರು. ನಾಮಫಲಕದಲ್ಲಿ ಆರ್ಕಿಟೆಕ್ಟ್ ಎಂದೂ ಬರೆಸಿಕೊಂಡಿದ್ದರು. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ಜಾಲತಾಣದಲ್ಲಿ ಹುಡುಕಿದಾಗ ಅವರ ಹೆಸರು ಸಿಗಲಿಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಆ ಕೌನ್ಸಿಲಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆರ್ಕಿಟೆಕ್ಟ್ ಎಂಬ ಹೆಸರನ್ನು ಬಳಸಬಹುದು. ಕಟ್ಟಡದ ನಕ್ಷೆಯನ್ನು ಬೇರೆಯವರು ಮಾಡಲೇಬಾರದೆಂದು ಇದರ ಅರ್ಥವಲ್ಲ: ಕಾಯ್ದೆಯ 37ನೇ ಕಲಂ ನಿರ್ಬಂಧಿಸುವುದು ಹೆಸರಿನ ಬಳಕೆಯನ್ನೇ ಹೊರತು ವೃತ್ತಿಯನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಒಳ್ಳೆಯ ಮನೆಗಳನ್ನು ಮಾಡಿದ ಎಂಜಿನಿಯರುಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ನಾವು ಹಿಂದೆ ಸರಿದದ್ದು ಪದವಿಯ ಕಾರಣಕ್ಕಲ್ಲ. ನಕ್ಷೆ ಮಾಡುವವರೇ ಗುತ್ತಿಗೆದಾರರೂ ಆದರೆ ನಮ್ಮ ಪರವಾಗಿ ಬಿಲ್ಲನ್ನು ತಪಾಸಣೆ ಮಾಡಲು ಯಾರೂ ಉಳಿಯುವುದಿಲ್ಲವಲ್ಲ ಎಂಬ ಅಳುಕು ನಮ್ಮನ್ನು ತಡೆಯಿತು.

ಎರಡನೆಯದು ಮಂಗಳೂರಿನ ಒಂದು ದೊಡ್ಡ ಕಚೇರಿ. ಚಿತ್ರಗಳು ಬಹಳ ಚೆನ್ನಾಗಿದ್ದವು. ಆದರೆ ಎರಡು ಭೇಟಿಗಳಲ್ಲಿಯೂ ನಮ್ಮೊಡನೆ ಮಾತಾಡಿದವರು ಕಿರಿಯ ಸಹಾಯಕರು. ಶುಲ್ಕ ಕಟ್ಟಡದ ವೆಚ್ಚದ ಶೇಕಡಾ 9, ಸೈಟಿಗೆ ಭೇಟಿ ತಿಂಗಳಿಗೊಮ್ಮೆ.

ಮೂರನೆಯವರು ಉಡುಪಿಯಲ್ಲಿಯೇ ಇಬ್ಬರು ಸಹಾಯಕರೊಂದಿಗೆ ಸಣ್ಣ ಕಚೇರಿ ನಡೆಸುವ ಒಬ್ಬ ಮಹಿಳೆ. ಶುಲ್ಕ ಎಷ್ಟೆಂದು ಕೇಳಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ. "ಸರ್, ಮೊದಲು ಟೋಟಲ್ ಸ್ಟೇಷನ್ ಸರ್ವೆ ಮಾಡಿಸಿ. ಎಷ್ಟು ಏರು, ಎಷ್ಟು ಇಳಿಜಾರು ಅಂತ ಗೊತ್ತಾಗದೆ ನಾನು ಏನು ಹೇಳಿದರೂ ಅದು ಅಂದಾಜು" ಎಂದರು. ಸರ್ವೆಗೆ 9,000 ರೂಪಾಯಿ ಖರ್ಚಾಯಿತು. ಇನ್ನೂ ನೇಮಕವಾಗದವರು ನಮ್ಮಿಂದ ಖರ್ಚು ಮಾಡಿಸಿದ್ದು ತಮ್ಮನಿಗೆ ಅಷ್ಟೇನೂ ಹಿಡಿಸಲಿಲ್ಲ.

ಆಯ್ಕೆಯಲ್ಲಿ ನಮಗೆ ನಿಜವಾಗಿ ನೆರವಾದದ್ದು ನನ್ನ ಹೆಂಡತಿಯ ಒಂದು ಸೂಚನೆ. ಹೊಸದಾಗಿ ಮುಗಿದ ಮನೆಗಳನ್ನು ನೋಡುವುದು ಬೇಡ, ಮೂರು ಮಳೆಗಾಲ ಕಂಡ ಮನೆಯನ್ನು ತೋರಿಸಲು ಹೇಳಿ ಎಂದಳು. ಹಾಗೆ ಕಾಪುವಿನ ಬಳಿ ಈ ಮೂರನೆಯವರು ಮಾಡಿದ ಒಂದು ಮನೆಗೆ ಹೋದೆವು. ಪಶ್ಚಿಮದ ಗೋಡೆಯಲ್ಲಿ ಕಿಟಕಿಗಳ ಕೆಳಗೆ ಕಲೆಯಿಲ್ಲ; ಮಾಡಿನ ಅಂಚು ಮೂರೂವರೆ ಅಡಿ ಹೊರಚಾಚಿದೆ; ಉತ್ತರದ ಒಂದು ಮೂಲೆಯಲ್ಲಿ ಮಾತ್ರ ಹಾವಸೆ ಹಿಡಿದಿದೆ. ಆ ಮೂಲೆಯ ಬಗ್ಗೆ ಮನೆಯೊಡತಿಯನ್ನು ಕೇಳಿದಾಗ, ಮೊದಲ ಮಳೆಗೆ ಅಲ್ಲಿ ಸೋರಿಕೆ ಬಂದಿತ್ತು, ಫೋನು ಮಾಡಿದ ನಾಲ್ಕನೇ ದಿನ ಮೇಡಂ ಬಂದು ದಂಬೆ (ಮಾಡಿನ ನೀರು ಒಯ್ಯುವ ದೋಣಿ) ಬದಲಾಯಿಸಿಕೊಟ್ಟರು ಎಂದರು. ಸೋರದ ಮನೆಯ ಹೊಗಳಿಕೆಗಿಂತ ಸೋರಿದ ಮೂಲೆಯ ಈ ವೃತ್ತಾಂತ ನಮಗೆ ಹೆಚ್ಚು ಭರವಸೆ ಕೊಟ್ಟಿತು.

ಶುಲ್ಕವನ್ನು ಶೇಕಡಾವಾರು ಲೆಕ್ಕದ ಬದಲಿಗೆ ಒಟ್ಟು 3.20 ಲಕ್ಷ ರೂಪಾಯಿಗೆ ಗೊತ್ತು ಮಾಡಿದೆವು. ವೆಚ್ಚ ಹೆಚ್ಚಿದಷ್ಟೂ ಶುಲ್ಕ ಹೆಚ್ಚುವ ಏರ್ಪಾಡಿನಲ್ಲಿ ಆರ್ಕಿಟೆಕ್ಟ್ ಎಷ್ಟೇ ಪ್ರಾಮಾಣಿಕರಾಗಿದ್ದರೂ ಮಾಲೀಕನ ಮನಸ್ಸಿನಲ್ಲಿ ಒಂದು ಹುಳ ಹೊಕ್ಕೇ ಹೊಗುತ್ತದೆ ಎಂಬುದು ನನ್ನ ವಾದವಾಗಿತ್ತು. ಸಹಿ ಹಾಕುವಾಗ 32,000, ಮೂಲನಕ್ಷೆ ಒಪ್ಪಿದಾಗ 64,000, ನಗರಸಭೆಗೆ ಸಲ್ಲಿಸುವಾಗ 48,000, ಕೆಲಸದ ನಕ್ಷೆಗಳನ್ನು ಕೊಟ್ಟಾಗ 96,000, ಕಟ್ಟಡ ಏಳುವ ಅವಧಿಯಲ್ಲಿ 64,000 ಹೀಗೆ ಕಂತುಗಳು. ಉಳಿದ 16,000 ರೂಪಾಯಿಯನ್ನು ಮನೆ ಒಂದು ಮಳೆಗಾಲ ದಾಟಿದ ಮೇಲೆ ಕೊಡುವುದು. ಇದು ಅವರೇ ಸೂಚಿಸಿದ ಷರತ್ತು. ಸ್ಟ್ರಕ್ಚರಲ್ ಎಂಜಿನಿಯರರ ಶುಲ್ಕ ಪ್ರತ್ಯೇಕ.

ಸಹಿ ಹಾಕುವ ದಿನ ಅವರು ಇನ್ನೊಂದು ಪ್ರಸ್ತಾಪವನ್ನೂ ಇಟ್ಟರು: 25,000 ರೂಪಾಯಿ ಹೆಚ್ಚುವರಿ ಕೊಟ್ಟರೆ ಕಂಟ್ರಾಕ್ಟರರ ಜೊತೆಗಿನ ಕರಾರುಪತ್ರವನ್ನು ಮತ್ತು ಕೆಲಸದ ಬಾಬ್ತುಗಳ ಪಟ್ಟಿಯನ್ನು ತಾವೇ ತಯಾರಿಸಿಕೊಡುವುದಾಗಿ ಹೇಳಿದರು. ಕರಾರುಪತ್ರ ಬರೆಯಲು ನನಗೆ ಬರುವುದಿಲ್ಲವೇ ಎಂದುಕೊಂಡು ಬೇಡವೆಂದೆ.

ನಕ್ಷೆಯ ತಿಂಗಳುಗಳು

ಮೊದಲ ನಕ್ಷೆ ಕೈಗೆ ಬರುವ ಮುನ್ನ ಅವರು ಮೂರು ಬಾರಿ ಜಾಗಕ್ಕೆ ಬಂದರು. ಅಮ್ಮನ ಜೊತೆ ಒಂದು ಇಡೀ ಮಧ್ಯಾಹ್ನ ಕುಳಿತರು. ಹಳೆಯ ಮನೆಯಲ್ಲಿ ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತಿದ್ದಿರಿ, ಹಪ್ಪಳ ಎಲ್ಲಿ ಇಡುತ್ತಿದ್ದಿರಿ, ರಾತ್ರಿ ಬಚ್ಚಲಿಗೆ ಹೋಗುವಾಗ ಎಷ್ಟು ಮೆಟ್ಟಿಲು ಎಂಬಂಥ ಪ್ರಶ್ನೆಗಳನ್ನೇ ಕೇಳಿದರು. ಸಾಲದ ಅರ್ಜಿಯ ನಮೂನೆಯಲ್ಲಿ ಇಂಥ ಕಾಲಂ ಇರುವುದಿಲ್ಲ.

ಆಯದ ವಿಷಯವನ್ನು ಅವರು ನಿಭಾಯಿಸಿದ ರೀತಿಯನ್ನು ದಾಖಲಿಸಬೇಕು. ನಮ್ಮ ಕಡೆ ಮನೆಯ ಸುತ್ತಳತೆಯಿಂದ ಆಯ ಲೆಕ್ಕ ಹಾಕುತ್ತಾರೆ. ಎಂಟು ಆಯಗಳಲ್ಲಿ ಧ್ವಜ, ಸಿಂಹ, ವೃಷಭ, ಗಜ ಇವು ಶುಭ, ಉಳಿದ ನಾಲ್ಕು ಬೇಡ. ಸಾಮಾನ್ಯವಾಗಿ ನಕ್ಷೆ ಸಿದ್ಧವಾದ ಮೇಲೆ ಅದನ್ನು ಆಯ ನೋಡುವವರಿಗೆ ತೋರಿಸುತ್ತಾರೆ, ಅವರು ನಾಲ್ಕು ಅಂಗುಲ ಕಡಿಮೆ ಮಾಡಿ ಎನ್ನುತ್ತಾರೆ, ಆ ನಾಲ್ಕು ಅಂಗುಲಕ್ಕೆ ಕಂಬ, ಮೆಟ್ಟಿಲು, ಬಚ್ಚಲು ಎಲ್ಲವೂ ಜರುಗುತ್ತವೆ. ನಮ್ಮ ಆರ್ಕಿಟೆಕ್ಟ್ ನಂಬುತ್ತಾರೋ ಇಲ್ಲವೋ ನನಗೆ ತಿಳಿಯದು, ನಾನು ಕೇಳಲೂ ಇಲ್ಲ. ಆದರೆ ಗೆರೆ ಎಳೆಯುವ ಮೊದಲೇ ಅಮ್ಮ ನಂಬುವವರನ್ನು ಕರೆಸಿ, ಒಪ್ಪಿಗೆಯಾಗುವ ಐದಾರು ಸುತ್ತಳತೆಗಳನ್ನು ಬರೆಸಿಕೊಂಡು, ಅವುಗಳಲ್ಲಿ ಒಂದಕ್ಕೆ ಮನೆಯನ್ನು ಹೊಂದಿಸಿದರು. ಮುಂದೆ ಈ ವಿಷಯದಲ್ಲಿ ಒಂದು ಅಂಗುಲವೂ ಬದಲಾಗಲಿಲ್ಲ.

ಮಾಡಿನ ಜಗಳವೂ ಬಗೆಹರಿಯಿತು. ಮನೆಯ ಹಿಂದಿನ ಅರ್ಧಕ್ಕೆ ತಾರಸಿ. ಮುಂದಿನ ಅರ್ಧಕ್ಕೆ ಮತ್ತು ಜಗಲಿಗೆ ಮರದ ಪಕ್ಕಾಸು, ರೀಪು ಹೊಡೆದು ಹಂಚು. ಪಾಲಾದ ಹಳೆಯ ಮನೆಯಿಂದ ಇಳಿಸಿಟ್ಟ ಹಂಚುಗಳು ಜಗಲಿಗೆ ಸಾಕಾದವು. ಅವುಗಳಲ್ಲಿ ಕೆಲವು 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಬಾಸೆಲ್ ಮಿಶನ್ ಕಾರ್ಖಾನೆಯ ಮುದ್ರೆ ಹೊತ್ತಿದ್ದವು; ಅಂಥವನ್ನು ಹುಡುಕಿ ಎದುರಿನ ಸಾಲಿಗೆ ಹಾಕಿಸಿದ್ದು ಮೇಸ್ತ್ರಿಯ ಉತ್ಸಾಹ.

ಹಿತ್ತಿಲ ಗುಡ್ಡಕ್ಕಾಗಿ ಒಂದು ಪ್ರತ್ಯೇಕ ಹಾಳೆ ಇತ್ತು. ಕರಾವಳಿಯ ಈ ಗುಡ್ಡಗಳಲ್ಲಿ ಮೇಲಿನ ಕೆಂಪುಕಲ್ಲಿನ ಪದರದ ಅಡಿಯಲ್ಲಿ ಬಿಳಿ, ಹಳದಿ, ಗುಲಾಬಿ ಛಾಯೆಯ ಶೇಡಿ ಮಣ್ಣು ಇರುತ್ತದೆ. ಬೇಸಿಗೆಯಲ್ಲಿ ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುವ ಈ ಮಣ್ಣು ನೀರು ಕುಡಿದಾಗ ತನ್ನ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಇದರ ಮೇಲೆ ಸಾಕಷ್ಟು ಸಂಶೋಧನೆ ನಡೆದಿದೆ. ಆದ್ದರಿಂದ 10 ಅಡಿಯ ಕಡಿತವನ್ನು ಐದೈದು ಅಡಿಯ ಎರಡು ಹಂತ ಮಾಡಿ, ನಡುವೆ ನಾಲ್ಕು ಅಡಿ ಅಗಲದ ಕಟ್ಟೆ ಬಿಟ್ಟು, ಎರಡೂ ಹಂತಗಳಿಗೆ ಕೆಂಪುಕಲ್ಲಿನ ತಡೆಗೋಡೆ, ಗೋಡೆಯ ಹಿಂದೆ ಜಲ್ಲಿ, ಗೋಡೆಯಲ್ಲಿ ನೀರು ಹೊರಬೀಳುವ ತೂತುಗಳು, ಗುಡ್ಡದ ನೆತ್ತಿಯಲ್ಲಿ ಮಳೆನೀರನ್ನು ಪಕ್ಕಕ್ಕೆ ಒಯ್ಯುವ ಕಣಿ, ಇಷ್ಟನ್ನು ಅವರು ಬರೆದಿದ್ದರು. ಅಂದಾಜು 2.6 ಲಕ್ಷ. ಮನೆಯ ಅಂದಾಜು ಚದರ ಅಡಿಗೆ 2,400ರಂತೆ 51.6 ಲಕ್ಷ. ಒಟ್ಟು 54.2 ಲಕ್ಷ.

ನಗರಸಭೆಯ ಪರವಾನಿಗೆ 2022ರ ಮೇ ತಿಂಗಳಿನಲ್ಲಿ ಬಂತು. ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಕೆಸರುಕಲ್ಲು (ಅಡಿಗಲ್ಲು) ಹಾಕಿದೆವು.

ದಾರಂದದ ಮುಹೂರ್ತ

ಆರ್ಕಿಟೆಕ್ಟರ ಕಡೆಯಿಂದ ಆದ ಲೋಪವನ್ನೂ ಹೇಳಬೇಕು. ಪಂಚಾಂಗ (ಮನೆಯ ಅಡಿಪಾಯದ ಕಟ್ಟು) ಮುಗಿದು ಗೋಡೆ ಏಳುತ್ತಿದ್ದಾಗ ಮುಖ್ಯ ಬಾಗಿಲಿನ ದಾರಂದ, ಅಂದರೆ ಚೌಕಟ್ಟು, ನಿಲ್ಲಿಸಲು ಡಿಸೆಂಬರಿನಲ್ಲಿ ಮುಹೂರ್ತ ಇಟ್ಟಿದ್ದೆವು. ಬಾಗಿಲು, ಕಿಟಕಿಗಳ ವಿವರ ನಕ್ಷೆ ನವೆಂಬರ್ ಮಧ್ಯದಲ್ಲಿ ಬರಬೇಕಿತ್ತು. ಅವರ ಕಚೇರಿಯಲ್ಲಿ ಒಬ್ಬ ಸಹಾಯಕ ಕೆಲಸ ಬಿಟ್ಟುದರಿಂದ ಬರಲಿಲ್ಲ. ಮುಹೂರ್ತ ಕಾಯುವುದಿಲ್ಲವಲ್ಲ. ಆಚಾರಿ ತನ್ನ ಅಂದಾಜಿನಲ್ಲಿಯೇ ಹಲಸಿನ ದಾರಂದ ಮಾಡಿದ, ನಿಲ್ಲಿಸಿದೆವು. ವಾರದ ನಂತರ ಬಂದ ನಕ್ಷೆಯಲ್ಲಿ ಇದ್ದುದಕ್ಕಿಂತ ಅದು ನಾಲ್ಕು ಅಂಗುಲ ಹೆಚ್ಚು ಎತ್ತರವಿತ್ತು. ಮುಹೂರ್ತದಲ್ಲಿ ನಿಲ್ಲಿಸಿದ್ದನ್ನು ಕೀಳುವಂತಿಲ್ಲ, ಆದ್ದರಿಂದ ಲಿಂಟಲನ್ನೇ ಏರಿಸಿ, ಅಷ್ಟರಲ್ಲಿ ತಯಾರಾಗಿದ್ದ ಎರಡು ಕಿಟಕಿಗಳ ಚೌಕಟ್ಟನ್ನು ಬದಲಾಯಿಸಬೇಕಾಯಿತು. ಅದರ ಖರ್ಚು 14,000 ರೂಪಾಯಿಯನ್ನು ತಮ್ಮ ಕಂತಿನಲ್ಲಿ ಮುರಿದುಕೊಳ್ಳಲು ಅವರೇ ಹೇಳಿದರು. ಸಣ್ಣ ಕಚೇರಿಯನ್ನು ಆಯ್ದುಕೊಂಡಾಗ ಇಂಥ ಅಪಾಯವನ್ನೂ ಜೊತೆಗೇ ಆಯ್ದುಕೊಂಡಿರುತ್ತೇವೆ.

ನಾಲ್ಕು ಗಂಟೆಯ ಕೆಲಸ

2023ರ ಏಪ್ರಿಲ್ ಕೊನೆಗೆ ತಾರಸಿಯೂ ಹಂಚೂ ಮುಗಿದಿದ್ದವು. ಗುಡ್ಡವನ್ನು ಎರಡು ಹಂತವಾಗಿ ಕಡಿದಾಗಿತ್ತು, ತಡೆಗೋಡೆ ಕಟ್ಟುವುದು ಮಾತ್ರ ಬಾಕಿ. ಬೆಂಗಳೂರಿನಿಂದ ಬಂದಿದ್ದ ತಮ್ಮ ಹಿತ್ತಿಲಲ್ಲಿ ನಿಂತು, ಇಲ್ಲಿ ಇನ್ನು ನಾಲ್ಕಡಿ ಸಿಕ್ಕಿದ್ದರೆ ಎರಡನೇ ಕಾರನ್ನು ಹಿಂದಕ್ಕೆ ತರಬಹುದಿತ್ತು ಎಂದ. ಆ ನಾಲ್ಕಡಿ ಎಂದರೆ ನಡುವಿನ ಕಟ್ಟೆ. ಎರಡು ದಿನಗಳ ನಂತರ ಶೌಚದ ಗುಂಡಿಗಾಗಿ ಜೆಸಿಬಿ ಬಂದಿತ್ತು. ಕೆಳಗಿನ ಹಂತವನ್ನು ಹಿಂದಕ್ಕೆ ಕಡಿದು ನೇರ ಮಾಡಲು ನಾನು ಚಾಲಕನಿಗೆ ಹೇಳಿದೆ. ನಾಲ್ಕು ಗಂಟೆ, ಸುಮಾರು 5,000 ರೂಪಾಯಿ. ಮಣ್ಣು ಎಷ್ಟು ಗಟ್ಟಿಯಿತ್ತೆಂದರೆ ಬಕೆಟಿನ ಹಲ್ಲಿನ ಗೀರುಗಳು ಅದರ ಮೇಲೆ ಕೆತ್ತಿದಂತೆ ಕಾಣುತ್ತಿದ್ದವು. ಕಂಟ್ರಾಕ್ಟರು ಅಲ್ಲಿಯೇ ಇದ್ದರು. "ಮೇಡಮಿಗೆ ಒಂದು ಮಾತು ಹೇಳುವುದಲ್ವಾ ಸರ್?" ಎಂದು ಕೇಳಿದರು. ನಾನು ಹೇಳುತ್ತೇನೆ ಎಂದೆ, ಹೇಳಲಿಲ್ಲ.

ಎಂಟನೇ ದಿನ ಬಂದ ಆರ್ಕಿಟೆಕ್ಟ್ ಹಿತ್ತಿಲಲ್ಲಿ ಬಹಳ ಹೊತ್ತು ನಿಂತಿದ್ದರು, ಮಾತಾಡಲಿಲ್ಲ. ಸಂಜೆ ಅವರಿಂದ ಮಿಂಚಂಚೆ ಬಂತು. ತಾವು ಬರೆದ ಗೋಡೆ ಈಗ ಸಾಲದು, ಹತ್ತಡಿಯ ನೇರ ಕಡಿತಕ್ಕೆ ಕಾಂಕ್ರೀಟಿನ ಗೋಡೆಯೇ ಬೇಕು, ಸ್ಟ್ರಕ್ಚರಲ್ ಎಂಜಿನಿಯರರ ಲೆಕ್ಕ ಕೈಗೆ ಬರಲು ಮೂರು ವಾರ ಬೇಕು, ಅಲ್ಲಿಯವರೆಗೆ ನೆತ್ತಿಯ ಕಣಿಯನ್ನಾದರೂ ಕೂಡಲೇ ತೋಡಿಸಿ ಎಂದಿತ್ತು. ನಾನು ಕ್ಯಾಲೆಂಡರು ನೋಡಿದೆ. ಗೋಡೆಯನ್ನು ಮಳೆ ಮುಗಿದ ಮೇಲೆ ಕಟ್ಟೋಣ ಎಂದು ತೀರ್ಮಾನಿಸಿ ಟರ್ಪಾಲು ಹೊದಿಸಿದೆ. ಕಣಿ ತೋಡಲು ನೆರೆಯವರ ಜಾಗದ ಅಂಚಿಗೆ ಹೋಗಬೇಕಿತ್ತು, ಅವರಲ್ಲಿ ಕೇಳಲು ಸಂಕೋಚವಾಗಿ ಅದನ್ನೂ ಮುಂದೂಡಿದೆ.

ಜುಲೈ ಮೊದಲ ವಾರದ ಮಳೆಗೆ ಒಂದು ರಾತ್ರಿ ಗುಡ್ಡ ಜಾರಿತು. ಅಡುಗೆಮನೆಯ ಹಿಂಬಾಗಿಲು ಒಡೆದು ಒಳಗೆ ಮೊಣಕಾಲೆತ್ತರ ಕೆಸರು. ಬಾವಿಯ ಪಂಪಿನ ಪೈಪು ಮಣ್ಣಿನಡಿ. ಮೇಲೆ ನೆರೆಯವರ ಕಂಪೌಂಡು ಗೋಡೆಯ 20 ಅಡಿಯಷ್ಟು ಭಾಗ ನಮ್ಮ ಕಡೆಗೆ ವಾಲಿ ನಿಂತಿತ್ತು. ಮನೆಯಲ್ಲಿ ಯಾರೂ ವಾಸವಿರಲಿಲ್ಲ.

ಯಾರು ಕೊಡಬೇಕು?

ಮೊದಲ ಎರಡು ವಾರ ನಾನು ನಡೆದುಕೊಂಡ ರೀತಿ ಹೆಮ್ಮೆಯದ್ದಲ್ಲ. ಕಂಟ್ರಾಕ್ಟರು ತಡೆಯಬೇಕಿತ್ತೆಂದು ಅವರ ಬಿಲ್ಲು ತಡೆಹಿಡಿದೆ. ಅಪಾಯ ಗೊತ್ತಿದ್ದವರು ಕೆಲಸವನ್ನು ನಿಲ್ಲಿಸಬೇಕಿತ್ತೆಂದು ಆರ್ಕಿಟೆಕ್ಟರಿಗೆ ಪತ್ರ ಬರೆದೆ. ಅವರು ಉತ್ತರವಾಗಿ ನಮ್ಮ ಕರಾರುಪತ್ರದ ಪುಟವೊಂದರ ಪ್ರತಿಯನ್ನೂ ಮೇ ತಿಂಗಳ ಮಿಂಚಂಚೆಯನ್ನೂ ಕಳುಹಿಸಿದರು, ಅಷ್ಟೇ. ಕರಾರಿನ ಆ ಪುಟದಲ್ಲಿ, ಸೈಟಿನಲ್ಲಿ ಯಾವ ಬದಲಾವಣೆಯಿದ್ದರೂ ಮಾಲೀಕರು ಆರ್ಕಿಟೆಕ್ಟ್ ಮೂಲಕವೇ ತಿಳಿಸತಕ್ಕದ್ದು ಎಂದಿತ್ತು. ಕೆಳಗೆ ನನ್ನ ಸಹಿ.

ಆಮೇಲೆ ಕಂಟ್ರಾಕ್ಟರರ ಜೊತೆ ನಾನೇ ಬರೆದಿದ್ದ ಕರಾರುಪತ್ರವನ್ನು ತೆಗೆದು ನೋಡಿದೆ. ದರ, ಕಂತು, ಅವಧಿ, ತಡವಾದರೆ ದಂಡ ಎಲ್ಲವೂ ಇತ್ತು. ಸಾಲಗಾರನನ್ನು ಕಟ್ಟಿಹಾಕುವ ಬ್ಯಾಂಕಿನ ಭಾಷೆಯಲ್ಲಿ ಒಂದೂ ಬಿರುಕಿಲ್ಲದಂತೆ ಬರೆದಿದ್ದೆ. ಆದರೆ ಆರ್ಕಿಟೆಕ್ಟ್ ಎಂಬ ಶಬ್ದ ಇಡೀ ಪತ್ರದಲ್ಲಿ ಒಮ್ಮೆ ಮಾತ್ರ, ನಕ್ಷೆ ಮಾಡಿದವರ ಹೆಸರಾಗಿ ಬಂದಿತ್ತು. ಯಾರ ಮಾತಿಗೆ ಕೆಲಸ ಮಾಡಬೇಕು, ಯಾರ ಮಾತಿಗೆ ನಿಲ್ಲಿಸಬೇಕು, ಬಿಲ್ಲಿಗೆ ಯಾರ ಪ್ರಮಾಣ ಬೇಕು ಎಂಬುದು ಎಲ್ಲಿಯೂ ಇರಲಿಲ್ಲ. ಹಣ ಕೊಡುವ ಮಾಲೀಕನೇ ಎದುರು ನಿಂತು ಕಡಿ ಎಂದರೆ ಕಂಟ್ರಾಕ್ಟರು ಕಡಿಯದಿರಲು ಆ ಪತ್ರದಲ್ಲಿ ಕಾರಣವೇ ಇಲ್ಲ. ಒಂದು ಕರಾರು ಆರ್ಕಿಟೆಕ್ಟರಿಗೆ ಹೊಣೆ ಕೊಟ್ಟಿತ್ತು. ಆ ಹೊಣೆಯನ್ನು ನಿಭಾಯಿಸಲು ಬೇಕಾದ ಅಧಿಕಾರವನ್ನು ಇನ್ನೊಂದು ಕರಾರು ಕೊಟ್ಟಿರಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಮ್ಮೆ ಓದಿದ್ದರೆ ಕಾಣುತ್ತಿತ್ತು. 25,000 ರೂಪಾಯಿ ಕೇಳಿದ್ದು ಈ ಕೆಲಸಕ್ಕೇ ಆಗಿತ್ತು.

ಕಂಟ್ರಾಕ್ಟರರ ಬಿಲ್ಲನ್ನು ಬಿಡುಗಡೆ ಮಾಡಿದೆ. ನಷ್ಟ ಪೂರ್ತಿ ನಮ್ಮದಾಯಿತು. ತಮ್ಮ ಅರ್ಧ ಕೊಟ್ಟ. ಕೆಸರು ತೆಗೆಸಿ, ಅಡುಗೆಮನೆಯನ್ನು ಸರಿಪಡಿಸಿ, ನೆರೆಯವರ ಕಂಪೌಂಡನ್ನು 60,000 ರೂಪಾಯಿಯಲ್ಲಿ ಮರಳಿ ಕಟ್ಟಿಸಿ, ಕೆಂಪುಕಲ್ಲಿನ ಗೋಡೆಯ ಬದಲು ಕಾಂಕ್ರೀಟಿನ ಗೋಡೆ ಎಬ್ಬಿಸಿದಾಗ ಅಂದಾಜಿಗಿಂತ 3.9 ಲಕ್ಷ ಹೆಚ್ಚು ಬಿತ್ತು. ಮರದ ಬಾಬ್ತು 1.3 ಲಕ್ಷ, ಇತರ ಚಿಲ್ಲರೆ 1.5 ಲಕ್ಷ ಸೇರಿ ಮನೆ 60.9 ಲಕ್ಷಕ್ಕೆ ಮುಗಿಯಿತು. ಎರಡನೇ ಕಾರಿನ ಜಾಗವನ್ನು ಹೊಸ ಗೋಡೆಯ ಬುಡವೇ ನುಂಗಿತು.

ಆಗಸ್ಟಿನಲ್ಲಿ ಆರ್ಕಿಟೆಕ್ಟ್ ಕೆಲಸ ಮುಂದುವರಿಸಲು ಒಂದು ಷರತ್ತು ಹಾಕಿದರು. ಕಾರ್ಬನ್ ಪ್ರತಿಯಿರುವ ಒಂದು ಪುಸ್ತಕವನ್ನು ಸೈಟಿನಲ್ಲಿ ಇಡಬೇಕು. ಏನೇ ಬದಲಾವಣೆಯಿದ್ದರೂ ಅದರಲ್ಲಿ ಬರೆದು, ಖರ್ಚಿನ ವ್ಯತ್ಯಾಸವನ್ನೂ ನಮೂದಿಸಿ, ನಾನು, ಅವರು, ಕಂಟ್ರಾಕ್ಟರು ಮೂವರೂ ಸಹಿ ಹಾಕಿದ ಮೇಲೆಯೇ ಕೆಲಸ. ಕಂಟ್ರಾಕ್ಟರರ ಕರಾರಿಗೆ ಇದನ್ನು ಒಂದು ಪುಟದ ಪುರವಣಿಯಾಗಿ ಸೇರಿಸಿದೆವು, ಬಿಲ್ಲಿಗೆ ಆರ್ಕಿಟೆಕ್ಟರ ಪ್ರಮಾಣವನ್ನೂ ಕಡ್ಡಾಯ ಮಾಡಿದೆವು. ಮುಂದಿನ ಎಂಟು ತಿಂಗಳಲ್ಲಿ ಆ ಪುಸ್ತಕದಲ್ಲಿ 23 ಬದಲಾವಣೆಗಳು ದಾಖಲಾದವು. ಹತ್ತೊಂಬತ್ತು ನನ್ನವು. ಅವುಗಳಲ್ಲಿ ಏಳನ್ನು ಖರ್ಚಿನ ಅಂಕಿ ಬರೆದ ಮೇಲೆ ನಾನೇ ಹೊಡೆದುಹಾಕಿದ್ದೇನೆ.

ಗೃಹಪ್ರವೇಶದ ನಂತರ ಅವರು ಮನೆ ನಿಜವಾಗಿ ಹೇಗೆ ಕಟ್ಟಲ್ಪಟ್ಟಿತೋ ಹಾಗೆ ತಿದ್ದಿದ ನಕ್ಷೆಗಳ ಒಂದು ಕಟ್ಟು ಕೊಟ್ಟರು: ಗೋಡೆಯೊಳಗಿನ ಪೈಪು, ವಯರು, ನೆಲದಡಿಯ ಚರಂಡಿ, ತಡೆಗೋಡೆಯ ಹಿಂದಿನ ಜಲ್ಲಿಯ ಪದರ. ನೆತ್ತಿಯ ಕಣಿಯನ್ನು ನೆರೆಯವರೇ ತಮ್ಮ ಜಾಗದಲ್ಲಿ ಹಾದುಹೋಗಲು ಬಿಟ್ಟಿದ್ದರು; ಕೇಳಿದಾಗ ಅವರು ಹೇಳಿದ್ದು, ಮೊದಲೇ ಕೇಳಬಹುದಿತ್ತಲ್ಲ ಎಂದು ಮಾತ್ರ.

ಕೊನೆಯ 16,000 ರೂಪಾಯಿ ಕೊಟ್ಟದ್ದು 2024ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚೆ ಜುಲೈಯ ಒಂದು ಬೆಳಿಗ್ಗೆ, ಮಳೆ ಜೋರಾಗಿ ಸುರಿಯುತ್ತಿರುವಾಗಲೇ ಅವರು ಕೊಡೆ ಹಿಡಿದು ಹಿತ್ತಿಲಿಗೆ ಬಂದರು. ಗೋಡೆಯ ತೂತುಗಳನ್ನು ಒಂದೊಂದಾಗಿ ಎಣಿಸುತ್ತ ಹೋದರು. ಎರಡರಿಂದ ನೀರು ಬರುತ್ತಿರಲಿಲ್ಲ. ಮೇಸ್ತ್ರಿಗೆ ಫೋನು ಮಾಡಿ ಕರೆಸಿ, ಸರಳಿನಿಂದ ಅವುಗಳನ್ನು ಬಿಡಿಸಿ, ಕೆಂಪು ನೀರು ಹೋಗಿ ತಿಳಿನೀರು ಬರುವವರೆಗೆ ಅಲ್ಲಿಯೇ ನಿಂತಿದ್ದು, ಆಮೇಲೆ ಅಮ್ಮ ಕೊಟ್ಟ ಕಾಫಿ ಕುಡಿದು ಹೋದರು.